ಹಳೆಯ ಕಾರು ‘ಕ್ಲಾಸಿಕ್’ ಆಗುವುದು ಹೇಗೆ?

2022ರ ಮೇ 5ರಂದು ಜರ್ಮನಿಯ ಸ್ಟುಟ್‌ಗಾರ್ಟ್ ನಗರದ ಮರ್ಸಿಡಿಸ್-ಬೆಂಜ್ ವಸ್ತುಸಂಗ್ರಹಾಲಯದಲ್ಲಿ ನಡೆದ ಹರಾಜಿನಲ್ಲಿ 1955ರ ಕಾರೊಂದು 13.5 ಕೋಟಿ ಯೂರೋಗಳಿಗೆ ಮಾರಾಟವಾಯಿತು. ಅದೇ ವರ್ಷ ತಯಾರಾದ ಅಸಂಖ್ಯ ಕಾರುಗಳು ಎಂದೋ ಗುಜರಿ ಸೇರಿವೆ. ವಯಸ್ಸು ಒಂದೇ ಆದರೂ ಈ ಅಂತರವೇಕೆ?

ಮೊದಲ ಕಾರಣ ವಿರಳತೆ. ‘300 ಎಸ್‌ಎಲ್‌ಆರ್ ಊಲೆನ್‌ಹಾಟ್ ಕೂಪೆ’ ಎಂಬ ಈ ಮಾದರಿಯಲ್ಲಿ ತಯಾರಾದದ್ದು ಎರಡೇ ಕಾರುಗಳು. ಎರಡನೆಯದು ತಾಂತ್ರಿಕ ವೈಶಿಷ್ಟ್ಯ. ಎಂಟು ಸಿಲಿಂಡರುಗಳ 3 ಲೀಟರ್ ಎಂಜಿನ್, ಸಿಲಿಂಡರಿನೊಳಕ್ಕೇ ಇಂಧನವನ್ನು ಚಿಮ್ಮಿಸುವ ವ್ಯವಸ್ಥೆ, ಮೆಗ್ನೀಸಿಯಮ್ ಮಿಶ್ರಲೋಹದ ಹಗುರ ಹೊದಿಕೆ ಇದರಲ್ಲಿದ್ದವು. ಮೂರನೆಯದು ಚರಿತ್ರೆ. 1955ರ ಕೊನೆಯಲ್ಲಿ ಕಂಪನಿ ರೇಸುಗಳಿಂದ ಹಿಂದೆ ಸರಿದದ್ದರಿಂದ ಈ ಕಾರು ಸ್ಪರ್ಧೆಗೆ ಇಳಿಯಲೇ ಇಲ್ಲ. ಅದರ ರೂವಾರಿ ಎಂಜಿನಿಯರ್ ರುಡಾಲ್ಫ್ ಊಲೆನ್‌ಹಾಟ್ ತಮ್ಮ ಓಡಾಟಕ್ಕೆ ಅದನ್ನು ಬಳಸಿದರು.

ಇವೆಲ್ಲಕ್ಕೂ ಬೆಲೆ ಬರಬೇಕಾದರೆ ನಾಲ್ಕನೆಯದೊಂದು ಇರಲೇಬೇಕು. ಅದೇ ಮೂಲರೂಪ. ಚಾಸಿ ಮತ್ತು ಎಂಜಿನ್‌ಗಳ ಮೇಲೆ ಒತ್ತಿರುವ ಸಂಖ್ಯೆಗಳು ಕಾರ್ಖಾನೆಯ ದಾಖಲೆಗೆ ಹೊಂದಬೇಕು. ಹಣದ ಆಸೆಗೆ ಕೆಲವರು ಹಳೆಯ ಸಂಖ್ಯೆಯನ್ನು ಉಜ್ಜಿ ಅಳಿಸಿ ಬೇರೆಯದನ್ನು ಒತ್ತುವುದುಂಟು. ಇದನ್ನು ಪತ್ತೆ ಮಾಡುವುದು ಹೇಗೆ? ಅಂಕಿಯನ್ನು ಒತ್ತಿದಾಗ ಅದರ ಅಡಿಯ ಉಕ್ಕಿನ ಸ್ಫಟಿಕಗಳೂ ವಿರೂಪಗೊಳ್ಳುತ್ತವೆ. ಮೇಲ್ಮೈಯನ್ನು ಉಜ್ಜಿದರೂ ಸ್ವಲ್ಪ ಆಳದವರೆಗೆ ಈ ವಿರೂಪ ಉಳಿದಿರುತ್ತದೆ. ಅಪರಾಧ ಪತ್ತೆ ಪ್ರಯೋಗಾಲಯಗಳಲ್ಲಿ ಆ ಜಾಗಕ್ಕೆ ತಾಮ್ರದ ಕ್ಲೋರೈಡ್ ಬೆರೆತ ಹೈಡ್ರೋಕ್ಲೋರಿಕ್ ಆಮ್ಲವನ್ನು ಸವರುತ್ತಾರೆ. ವಿರೂಪಗೊಂಡ ಭಾಗ ಮತ್ತು ಸುತ್ತಲಿನ ಲೋಹ ಆಮ್ಲದೊಡನೆ ಬೇರೆ ಬೇರೆ ವೇಗದಲ್ಲಿ ವರ್ತಿಸುವುದರಿಂದ, ತೀರ ಆಳಕ್ಕೆ ಉಜ್ಜಿರದಿದ್ದರೆ, ಹಳೆಯ ಅಂಕಿ ಮತ್ತೆ ಮೂಡುತ್ತದೆ.

ಹೊದಿಕೆಯ ಪರೀಕ್ಷೆಗೆ ಒಂದು ಪುಟ್ಟ ಅಯಸ್ಕಾಂತವೂ ಸಾಕು. ಉಕ್ಕಿನ ತಗಡಿಗೆ ಅದು ಬಿಗಿಯಾಗಿ ಅಂಟುತ್ತದೆ. ತುಕ್ಕು ತಿಂದ ಜಾಗಕ್ಕೆ ದಪ್ಪನಾಗಿ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಆಕರ್ಷಣೆ ಕುಂದುತ್ತದೆ. ಅಲ್ಯೂಮಿನಿಯಮ್ ಹೊದಿಕೆಯ ಕಾರುಗಳಿಗೆ ಮಾತ್ರ ಈ ಪರೀಕ್ಷೆ ಸಲ್ಲದು.

ನಮ್ಮ ಕಾನೂನೂ ಮೂಲರೂಪಕ್ಕೆ ಮನ್ನಣೆ ನೀಡಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಆದ ತಿದ್ದುಪಡಿಯ ಪ್ರಕಾರ ‘ವಿಂಟೇಜ್’ ಎನಿಸಲು ವಾಹನಕ್ಕೆ 50 ವರ್ಷ ಮೀರಿದ್ದರಷ್ಟೇ ಸಾಲದು; ಅದರ ಚಾಸಿ, ಹೊದಿಕೆ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆ ಆಗಿರಬಾರದು.

ಆದ್ದರಿಂದ ಅಜ್ಜನ ಕಾಲದ ಕಾರು ನಿಮ್ಮ ಮನೆಯ ಕೊಟ್ಟಿಗೆಯಲ್ಲಿದ್ದರೆ ಬಣ್ಣ ಹೊಡೆಸಲು ಅವಸರಪಡಬೇಡಿ. ಮೊದಲು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ, ಹಳೆಯ ಕಾಗದಪತ್ರಗಳನ್ನು ಹುಡುಕಿ. ಹೊಸ ಬಣ್ಣವನ್ನು ಎಷ್ಟು ಸಲ ಬೇಕಾದರೂ ಬಳಿಯಬಹುದು. ಕಾರ್ಖಾನೆಯ ಮೊದಲ ಬಣ್ಣ ಒಮ್ಮೆ ಹೋದರೆ ಹೋಯಿತು.