ಫುಲೆ ಶಾಲೆಯ ಮುಕ್ತಾ ಬರೆದದ್ದು

ಪುಣೆಯ ಬುಧವಾರ ಪೇಟೆಯಲ್ಲಿ, ದಗಡೂಶೇಠ್ ಗಣಪತಿ ಗುಡಿಯ ಹತ್ತಿರ, ಭಿಡೆ ವಾಡೆ ಎಂಬ ಹಳೆಯ ಕಟ್ಟಡವಿತ್ತು. 1848ರಲ್ಲಿ ಜೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದದ್ದು ಅಲ್ಲೇ. ಪಾಠ ಹೇಳಲು ಹೊರಟ ಸಾವಿತ್ರಿಬಾಯಿಯ ಮೇಲೆ ಜನ ಸಗಣಿ ಎರಚುತ್ತಿದ್ದರು, ಅವರು ಇನ್ನೊಂದು ಸೀರೆಯನ್ನು ಜೊತೆಗೇ ಒಯ್ಯುತ್ತಿದ್ದರು ಎಂಬುದನ್ನು ಪ್ರತಿ ಜನವರಿ 3ರಂದು, ಅವರ ಹುಟ್ಟುಹಬ್ಬದ ದಿನ, ಭಾಷಣಗಳಲ್ಲಿ ಕೇಳುತ್ತೇವೆ. ಕಲಿಸಿದವರ ಕಥೆ ಹೀಗೆ ಮನೆಮಾತಾಗಿದೆ. ಕಲಿತವರು ಏನು ಬರೆದರು?

ಶಾಲೆ ನಡುವೆ ನಿಂತಿತು, ಮತ್ತೆ ಶುರುವಾಯಿತು. 1851ರಲ್ಲಿ ಚಿಪಳೂಣಕರ್ ವಾಡೆ, ರಾಸ್ತಾ ಪೇಟೆ, ಮರುವರ್ಷ ವೇತಾಳ ಪೇಟೆ ಎಂದು ಶಾಲೆಗಳ ಸಂಖ್ಯೆ ಬೆಳೆಯಿತು. ಅಸ್ಪೃಶ್ಯರೆನಿಸಿದ್ದ ಮಹಾರ್ ಮತ್ತು ಮಾಂಗ ಜಾತಿಗಳ ಮಕ್ಕಳಿಗೂ ಬಾಗಿಲು ತೆರೆಯಿತು. ಹಾಗೆ ಅಕ್ಷರ ಕಲಿತವಳು ಮಾಂಗ ಸಮುದಾಯದ ಮುಕ್ತಾ ಸಾಳ್ವೆ. ಸುಮಾರು ಮೂರು ವರ್ಷ ಓದಿದ್ದ ಈ ಹುಡುಗಿ ಮಾಂಗ, ಮಹಾರರ ದುಃಖದ ಬಗ್ಗೆ ಮರಾಠಿಯಲ್ಲಿ ಒಂದು ಪ್ರಬಂಧ ಬರೆದಳು. ಅಹಮದ್‌ನಗರದಲ್ಲಿ ಅಮೆರಿಕನ್ ಮಿಷನ್‌ನವರು 1842ರಲ್ಲಿ ಆರಂಭಿಸಿದ್ದ 'ಜ್ಞಾನೋದಯ' ಪತ್ರಿಕೆ ಅದನ್ನು 1855ರ ಫೆಬ್ರುವರಿ 15 ಮತ್ತು ಮಾರ್ಚ್ 1ರ ಸಂಚಿಕೆಗಳಲ್ಲಿ ಎರಡು ಕಂತಾಗಿ ಅಚ್ಚು ಹಾಕಿತು.

ಶಾಲೆಯ ಹುಡುಗಿ ಬರೆದ ಪ್ರಬಂಧವೆಂದರೆ ವಿಧೇಯ ಮಾತುಗಳನ್ನು ನಿರೀಕ್ಷಿಸುತ್ತೇವಲ್ಲ, ಇಲ್ಲಿ ಅಂಥದ್ದು ಒಂದೂ ಇಲ್ಲ. ವೇದವನ್ನು ನೋಡುವ ಹಕ್ಕೂ ನಮಗಿಲ್ಲ ಎಂದಮೇಲೆ ನಾವು ಧರ್ಮವಿಲ್ಲದವರೇ ಆದೆವಲ್ಲ, ನಮ್ಮ ಧರ್ಮ ಯಾವುದೆಂದು ನೀನೇ ಹೇಳು ಎಂದು ಆಕೆ ನೇರ ದೇವರನ್ನೇ ಕೇಳುತ್ತಾಳೆ. ಎಣ್ಣೆಗೆ ಸಿಂಧೂರ ಕಲಸಿ ಕುಡಿಸಿ ತನ್ನ ಜನರನ್ನು ಕಟ್ಟಡಗಳ ತಳಪಾಯದಲ್ಲಿ ಹೂಳುತ್ತಿದ್ದುದನ್ನು ಬರೆಯುತ್ತಾಳೆ. ಪೇಶ್ವೆ ಬಾಜೀರಾಯನ ಕಾಲದಲ್ಲಿ ಗರಡಿಮನೆಯ ಮುಂದೆ ಹಾದುಹೋದ ತಪ್ಪಿಗೆ ತಲೆ ಕಡಿದು, ಆ ತಲೆಯನ್ನೇ ಚೆಂಡು ಮಾಡಿಕೊಂಡು ಕತ್ತಿಯಿಂದ ಆಡುತ್ತಿದ್ದುದನ್ನೂ ಬಿಡುವುದಿಲ್ಲ. ನನ್ನನ್ನು ಹೆಚ್ಚು ಕಲಕುವುದು ಬಾಣಂತಿಯರ ಬಗ್ಗೆ ಆಕೆ ಹೇಳುವ ಮಾತು. ಹೆರಿಗೆಯ ಹೊತ್ತಿಗೆ ತನ್ನ ಜಾತಿಯ ಹೆಂಗಸರ ತಲೆಯ ಮೇಲೆ ಸೂರೂ ಇರುವುದಿಲ್ಲ, ಮಳೆ ಚಳಿಯಲ್ಲಿ ಅವರು ಪಡುವ ಪಾಡನ್ನು ಓದುವವರು ತಮ್ಮ ಅನುಭವದಿಂದಲೇ ಊಹಿಸಿಕೊಳ್ಳಲಿ ಎನ್ನುತ್ತಾಳೆ. ಅದು ದೊಡ್ಡವರು ಹೇಳಿ ಬರೆಸುವ ಮಾತಲ್ಲ. ಕೇರಿಯಲ್ಲಿ ಕಣ್ಣಾರೆ ಕಂಡವಳ ಮಾತು. ಮಾಂಗರನ್ನು ಕೀಳಾಗಿ ಕಾಣುವ ಮಹಾರರನ್ನೂ ಆಕೆ ತರಾಟೆಗೆ ತೆಗೆದುಕೊಳ್ಳುತ್ತಾಳೆ. ಕೊನೆಗೆ, ಇಬ್ಬರ ಕಾಯಿಲೆಗೂ ಓದೇ ಔಷಧ ಎಂದು ಒತ್ತಾಯಿಸುತ್ತಾಳೆ.

ಆ ಶಾಲೆ ಏನು ಸಾಧಿಸಿತು ಎಂಬುದಕ್ಕೆ ಈ ಎರಡು ಕಂತುಗಳಿಗಿಂತ ಗಟ್ಟಿಯಾದ ದಾಖಲೆ ನನಗೆ ಕಾಣುವುದಿಲ್ಲ. ಸೂಸಿ ತಾರು ಮತ್ತು ಕೆ. ಲಲಿತಾ ಸಂಪಾದಿಸಿದ 'ವಿಮೆನ್ ರೈಟಿಂಗ್ ಇನ್ ಇಂಡಿಯಾ' ಸಂಕಲನದಲ್ಲಿ ಈ ಪ್ರಬಂಧದ ಇಂಗ್ಲಿಷ್ ಅನುವಾದ ಸೇರಿದ ಮೇಲೆ ಮುಕ್ತಾಳ ಹೆಸರು ಮಹಾರಾಷ್ಟ್ರದ ಆಚೆಗೂ ಹಬ್ಬಿತು.

ಶಿಥಿಲವಾಗಿದ್ದ ಭಿಡೆ ವಾಡೆಯನ್ನು ದೀರ್ಘ ಕೋರ್ಟು ವ್ಯಾಜ್ಯದ ನಂತರ 2023ರ ಡಿಸೆಂಬರ್‌ನಲ್ಲಿ ಕೆಡವಿದರು. ಆ ಜಾಗದಲ್ಲಿ ಸ್ಮಾರಕ ಕಟ್ಟಬೇಕೆಂಬುದು ಸರ್ಕಾರದ ಯೋಜನೆ. ಅಲ್ಲಿ ಫುಲೆ ದಂಪತಿಯ ಚಿತ್ರಗಳು ಇದ್ದೇ ಇರುತ್ತವೆ, ಇರಬೇಕು. ಮುಕ್ತಾಳ ಪ್ರಬಂಧವನ್ನೂ, ಒಂದು ವಾಕ್ಯ ಬಿಡದೆ, ಅವುಗಳ ಪಕ್ಕದಲ್ಲೇ ಕೆತ್ತಿಸಬೇಕು.