ಕನಸಿನಲ್ಲಿ ಪಕ್ಕದ ಮನೆ ಪುಟ್ಟ

ರಾತ್ರಿ ಪಕ್ಕದ ಮನೆಯ ಮಗು ಕನಸಿಗೆ ಬಂದಿತ್ತು. ನಿಮ್ಮ ಸೆರಗು ಹಿಡಿದು ‘ಆಂಟಿ, ಬಿಸ್ಕೆಟ್’ ಅಂದಿತ್ತೋ, ಟೆರೇಸಿನ ಅಂಚಿನಲ್ಲಿ ನಿಂತು ನಿಮ್ಮ ಎದೆ ಝಲ್ಲೆನಿಸಿತ್ತೋ, ಅಂತೂ ಎಚ್ಚರವಾಯಿತು. ಬೆಳಿಗ್ಗೆ ಕುಕ್ಕರ್ ಕೂಗುವವರೆಗೂ ಅದೇ ಯೋಚನೆ. ಇದೇನಪ್ಪಾ, ನನ್ನ ಮಕ್ಕಳನ್ನು ಬಿಟ್ಟು ಅವರ ಮಗು ಯಾಕೆ ಬಂತು? ಶುಭವೋ, ಅಶುಭವೋ?

ಗಾಬರಿ ಬೇಡ. ನಿದ್ದೆಯಲ್ಲಿ ಸುಮಾರು 90 ನಿಮಿಷಕ್ಕೊಮ್ಮೆ ರೆಪ್ಪೆಯೊಳಗೆ ಕಣ್ಣುಗುಡ್ಡೆಗಳು ಚುರುಕಾಗಿ ಓಡಾಡುವ ಹಂತವೊಂದು ಬರುತ್ತದೆ. 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಇದನ್ನು ಜಗತ್ತಿಗೆ ತಿಳಿಸಿದರು. ಕಣ್ಣಿಗೆ ಕಟ್ಟುವಂಥ ಕನಸುಗಳು ಹೆಚ್ಚಾಗಿ ಬೀಳುವುದು ಆಗಲೇ. ಬೆಳಗಾಗುತ್ತ ಬಂದಂತೆ ಈ ಹಂತ ಉದ್ದವಾಗುತ್ತದೆ. ಅದಕ್ಕೇ ಬೆಳಗಿನ ಜಾವದ ಕನಸು ಚೆನ್ನಾಗಿ ನೆನಪಿರುತ್ತದೆ. ನೆನಪಿರುತ್ತದೆ ಎಂದ ಮಾತ್ರಕ್ಕೆ ನಿಜವಾಗುತ್ತದೆ ಅಂತೇನಿಲ್ಲ!

ನಮ್ಮ ಹಿರಿಯರೂ ಎಲ್ಲ ಕನಸಿಗೂ ಫಲ ಹೇಳಿದವರಲ್ಲ. ಚರಕ ಸಂಹಿತೆಯಲ್ಲಿ ಕನಸುಗಳು ಏಳು ಬಗೆ. ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು, ಕಲ್ಪಿಸಿಕೊಂಡದ್ದು ಕನಸಾದರೆ ಅದಕ್ಕೆ ಫಲವಿಲ್ಲ ಎನ್ನುತ್ತದೆ ಆ ಗ್ರಂಥ. ದಿನಕ್ಕೆ ಹತ್ತು ಸಲ ಕಾಣುವ ಪಕ್ಕದ ಮನೆ ಮಗು ಇನ್ಯಾವ ಗುಂಪಿಗೆ ಸೇರೀತು, ಹೇಳಿ? ಹಾಗಾಗಿ ‘ಏನಾಗುತ್ತೋ’ ಎಂದು ಹೆದರುವ ಬದಲು ‘ನನ್ನ ಮನಸ್ಸಿನಲ್ಲಿ ಏನಿದೆ’ ಎಂದು ನೋಡಿಕೊಳ್ಳಿ.

ಮಗು ಬಿದ್ದಂತೆ, ಕಳೆದುಹೋದಂತೆ ಕಂಡರೆ: ಆ ಮಗುವಿನ ಅಮ್ಮ ಆಫೀಸಿಗೆ ಹೋಗುವಾಗ ‘ಸ್ವಲ್ಪ ನೋಡ್ಕೊಳ್ರೀ’ ಅಂತ ನಿಮ್ಮ ಮನೆಯಲ್ಲಿ ಬಿಟ್ಟು ಹೋಗುತ್ತಾರಾ? ಆ ಜವಾಬ್ದಾರಿಯ ಭಾರವೇ ಕನಸಾಗಿರಬಹುದು. ಶಾಂತಿ, ಹೋಮ ಎಂದು ಓಡಾಡಬೇಡಿ. ಸಂಪ್ ಮುಚ್ಚಳ, ಟೆರೇಸಿನ ಚಿಲಕ, ಗೇಟು ಸರಿಯಾಗಿದೆಯೇ ನೋಡಿ. ಭಾರ ಹೆಚ್ಚಾಯಿತು ಅನ್ನಿಸಿದರೆ ಸಂಕೋಚಪಡದೆ ಹೇಳಿ.

ನಿಮ್ಮ ಮಡಿಲಲ್ಲಿ ಮಲಗಿದಂತೆ ಕಂಡರೆ: ಮಕ್ಕಳು ಬೆಳೆದು ಹಾಸ್ಟೆಲ್ ಸೇರಿದ ಮೇಲೆ ಮನೆ ಬಿಕೋ ಅನ್ನುವಾಗ ಇಂಥ ಕನಸು ಬೀಳುವುದು ಸಹಜ. ಮಗುವಿಗಾಗಿ ಹಂಬಲಿಸುತ್ತಿರುವವರಿಗೂ ಅಷ್ಟೆ. ಆದರೆ ಹೊರಗೆ ಹೇಳಿಕೊಳ್ಳಲು ಅಂಜಿಕೆ, ‘ಇವಳ ಕಣ್ಣು ನಮ್ಮ ಮಗುವಿನ ಮೇಲೆ’ ಅಂದುಬಿಟ್ಟರೆ? ಬಯಕೆ ಬೇರೆ, ಹೊಟ್ಟೆಕಿಚ್ಚು ಬೇರೆ. ನೀವೇನೂ ತಪ್ಪು ಮಾಡಿಲ್ಲ. ಕನಸನ್ನು ನುಂಗಿಕೊಳ್ಳದೆ ಪತಿಯ ಜೊತೆ ಮಾತಾಡಿ. ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ವಯಸ್ಸು 35 ದಾಟಿದ್ದಲ್ಲಿ ಆರು ತಿಂಗಳಿಗೇ, ಇಬ್ಬರೂ ವೈದ್ಯರನ್ನು ಕಾಣಿ. ಇಬ್ಬರೂ ಅನ್ನುವುದು ಮುಖ್ಯ. ಕಾರಣ ಗಂಡಸರಲ್ಲೂ ಇರಬಹುದು.

ಮಗು ಅಳುತ್ತಿದ್ದರೆ: ಇಲ್ಲಿ ಮಾತ್ರ ಸ್ವಲ್ಪ ನಿಂತು ಯೋಚಿಸಿ. ಹಗಲಿನಲ್ಲೂ ಆ ಗೋಡೆಯಾಚೆ ಅಳು, ಏಟಿನ ಸದ್ದು ಕೇಳಿ, ‘ನಮಗ್ಯಾಕೆ ಬೇರೆಯವರ ಮನೆ ಉಸಾಬರಿ’ ಎಂದು ಟಿವಿ ವಾಲ್ಯೂಮ್ ಏರಿಸಿದ್ದುಂಟಾ? ಕನಸು ಯಾರ ಮೇಲಿನ ಆರೋಪಕ್ಕೂ ಸಾಕ್ಷಿಯಲ್ಲ. ಆದರೆ ಎಚ್ಚರವಿದ್ದಾಗ ಕಂಡದ್ದು, ಕೇಳಿದ್ದು ನಿಜ ತಾನೆ? ಮಗುವನ್ನು ಮನೆಗೆ ಕರೆದು ಪ್ರೀತಿಯಿಂದ ಮಾತಾಡಿಸಿ. ಅಪಾಯವಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

ಇನ್ನು, ಕನಸನ್ನು ಮಗುವಿನ ಅಮ್ಮನಿಗೆ ಹೇಳಬಹುದೇ? ನಗುನಗುತ್ತಾ ಬಂದಿದ್ದರೆ ಕಾಂಪೌಂಡಿನ ಬಳಿ ಧಾರಾಳವಾಗಿ ಹೇಳಿ, ಅವರಿಗೂ ಖುಷಿ. ಕೆಟ್ಟ ಕನಸಾದರೆ ಬೇಡ. ನಿಮಗೆ ಮರೆತುಹೋದ ಮೇಲೂ ಆ ತಾಯಿ ಮಗು ಸೀನಿದಾಗಲೆಲ್ಲ ಅದನ್ನೇ ನೆನೆದು ನಡುಗುತ್ತಾಳೆ.

ಅದೇ ಕೆಟ್ಟ ಕನಸು ಮತ್ತೆ ಮತ್ತೆ ಬಿದ್ದು ನಿದ್ದೆ ಕೆಡುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಉಚಿತವಾಗಿ ಆಪ್ತ ಸಲಹೆ ಸಿಗುತ್ತದೆ. ಮನೆಮಂದಿಯ ನಿದ್ದೆ, ಊಟ ಎಲ್ಲ ನೋಡಿಕೊಳ್ಳುವ ನೀವು ನಿಮ್ಮ ನಿದ್ದೆಗೂ ಒಂದಿಷ್ಟು ಗಮನ ಕೊಡಬೇಡವೇ?