ಒಬ್ಬಳ ಅವಮಾನ, ಇಬ್ಬರ ಪತನ

ಯಕ್ಷಗಾನ ನೋಡಿ ಬೆಳೆದ ಕನ್ನಡಿಗರಿಗೆ ಕಥಕಳಿಯ ಕೀಚಕನ ಪರಿಚಯ ಮಾಡಿಕೊಡಬೇಕಾಗಿಲ್ಲ. ಫೋರ್ಟ್ ಕೊಚ್ಚಿಯ ಸಂಜೆಯ ಪ್ರದರ್ಶನದಲ್ಲಿ ಭಾಷೆ ಅರ್ಥವಾಗದಿದ್ದರೂ ಕಥೆ ನಮ್ಮದೇ. ಇದೇ ಕೇರಳದ ರಾಜಧಾನಿ ತಿರುವನಂತಪುರ ನಮಗೆ ಇನ್ನೊಬ್ಬ ಪತಿತನನ್ನೂ ಕೊಟ್ಟಿದೆ: ಭಾಸನ ‘ಊರುಭಂಗ’ದ ದುರ್ಯೋಧನ. ಇಬ್ಬರೂ ಅವಮಾನಿಸಿದ್ದು ದ್ರೌಪದಿಯನ್ನು. ಇಬ್ಬರನ್ನೂ ಕೆಡವಿದ್ದು ಭೀಮ. ಆದರೂ ಇಬ್ಬರ ಪತನ ಒಂದೇ ಅಲ್ಲ.

‘ಕೀಚಕವಧಂ’ ಬರೆದವರು ತಿರುವಿದಾಂಕೂರು ಆಸ್ಥಾನದ ಕವಿ ಇರಯಿಮ್ಮನ್ ತಂಪಿ (1782–1856). ಕೀಚಕನದು ‘ಕತ್ತಿ’ ವೇಷ. ಮುಖದ ಹಸಿರು ಹುಟ್ಟಿನ ಹಿರಿಮೆಗೆ, ಅದರ ನಡುವಿನ ಕೆಂಪು ಗರ್ವಕ್ಕೆ ಗುರುತು. ಅವನು ಮಾಲಿನಿಯನ್ನು ಓಲೈಸುವ ಕಾಂಬೋಜಿಯ ಪದ ಕಿವಿಗೆ ಬಲು ಇಂಪು. ಆದರೆ ಅವನ ಕಿವಿಗೆ ಅವಳ ‘ಒಲ್ಲೆ’ ಮಾತ್ರ ಬೀಳುವುದೇ ಇಲ್ಲ. ಕೊನೆಗೆ ಕತ್ತಲಲ್ಲಿ ಅವಳೆಂದು ಮುಟ್ಟಿದ್ದು ಭೀಮನನ್ನು. ತಪ್ಪು ತಿಳಿಯುವ ಮೊದಲೇ ಉಸಿರು ನಿಲ್ಲುತ್ತದೆ.

ದುರ್ಯೋಧನನಿಗೆ ಭಾಸ ಸಮಯ ಕೊಡುತ್ತಾನೆ. ಟಿ. ಗಣಪತಿ ಶಾಸ್ತ್ರಿಗಳು ಕೇರಳದ ತಾಳೆಗರಿಗಳಲ್ಲಿ ಪತ್ತೆಹಚ್ಚಿ, 1912ರಿಂದ ತಿರುವನಂತಪುರದ ಸಂಸ್ಕೃತ ಗ್ರಂಥಮಾಲೆಯಲ್ಲಿ ಪ್ರಕಟಿಸಿದ ನಾಟಕಗಳಲ್ಲಿ ‘ಊರುಭಂಗ’ವೂ ಒಂದು. ತೊಡೆ ಮುರಿದು ಬಿದ್ದವನ ಬಳಿಗೆ ಪುಟ್ಟ ಮಗ ದುರ್ಜಯ ಓಡಿ ಬರುತ್ತಾನೆ, ತೊಡೆಯೇರಲು ಹೋಗುತ್ತಾನೆ. ಅಪ್ಪ ಬೇಡವೆನ್ನಬೇಕಾಗುತ್ತದೆ. ತುಂಬಿದ ಸಭೆಯಲ್ಲಿ ದ್ರೌಪದಿಗೆ ತೋರಿಸಿದ ತೊಡೆ ಅದು. ಈಗ ಸ್ವಂತ ಮಗನಿಗೂ ಅಲ್ಲಿ ಜಾಗವಿಲ್ಲ. ಗದೆಯ ಪೆಟ್ಟಿಗಿಂತ ದೊಡ್ಡ ಶಿಕ್ಷೆ ಇದೇ. ಬಿದ್ದ ಮೇಲೆ ಅವನು ಬದಲಾಗಿದ್ದಾನೆ. ಮಗ ಬರುವ ಮೊದಲೇ, ಸೇಡಿಗೆ ಹೊರಟ ಬಲರಾಮನನ್ನು ತಡೆದಿದ್ದಾನೆ. ಪಾಂಡವರನ್ನು ನನ್ನಂತೆಯೇ ಸೇವಿಸು ಎಂದು ಮಗನಿಗೆ ಹೇಳುತ್ತಾನೆ.

ರನ್ನನ ‘ಗದಾಯುದ್ಧ’ ಓದಿದ ನಮಗೆ ದುರ್ಯೋಧನನ ಮೇಲೆ ಮರುಕ ಹೊಸದಲ್ಲ. ಅಲ್ಲಿ ಅವನನ್ನು ಎತ್ತಿ ಹಿಡಿಯುವುದು ಛಲ; ಇಲ್ಲಿ ಛಲ ಬಿಟ್ಟಿದ್ದು. ಆದರೆ ಮರುಕ ಹುಟ್ಟಿತೆಂದು ಅವಳಿಗಾದ ಅನ್ಯಾಯ ಅಳಿಸುವುದಿಲ್ಲ. ಅವನ ಪಶ್ಚಾತ್ತಾಪದ ಫಲ ಮಗನಿಗೆ ದಕ್ಕಿತು, ದ್ರೌಪದಿಗಲ್ಲ.

ಪತನ ಇಬ್ಬರಿಗೂ ತಪ್ಪಲಿಲ್ಲ. ಬಿದ್ದ ಮೇಲಾದರೂ ಕಣ್ಣು ತೆರೆದವನು ಒಬ್ಬನೇ. ಮುಂದೆ ಕಥಕಳಿಯಲ್ಲಿ ಕೀಚಕನನ್ನು ನೋಡುವಾಗ ಅವನ ಅಬ್ಬರದ ಜೊತೆಗೆ ಮಾಲಿನಿಯ ಕೈಮುದ್ರೆಗಳನ್ನೂ ಗಮನಿಸಿ. ಅವನು ಕೇಳಿಸಿಕೊಳ್ಳದ ಮಾತು ಅಲ್ಲಿದೆ.